ಅಧ್ಯಕ್ಷರು ಮೆಚ್ಚಿದ ಶೌಚಾಲಯ

ನನ್ನ ತಮ್ಮ ಪುರಸಭೆಯಲ್ಲಿ ನಕ್ಷೆ ಬರೆಯುವವನು. ಮೂವತ್ತೊಂದು ವರ್ಷ ಪೆನ್ಸಿಲಿನಲ್ಲೇ ಬರೆದ. ಬರೆದದ್ದಕ್ಕಿಂತ ಅಳಿಸಿದ್ದು ಹೆಚ್ಚು ಎಂದು ಕಚೇರಿಯವರು ಅವನಿಗೆ ರಬ್ಬರ್ ಎಂದು ಹೆಸರಿಟ್ಟಿದ್ದರು. ಹೊಸದಾಗಿ ಬಂದ ಜವಾನನೂ ಎರಡನೇ ದಿನಕ್ಕೆ ‘ರಬ್ಬರ್ ಸಾರ್’ ಎನ್ನುತ್ತಿದ್ದ. ಸಾರ್ ಎನ್ನುತ್ತಾರಲ್ಲ, ಸಾಕು ಎಂದು ನನ್ನ ತಮ್ಮ ಸುಮ್ಮನಿದ್ದ.

ಆ ಮೂವತ್ತೊಂದು ವರ್ಷದಲ್ಲಿ ಅವನು ಒಂದೇ ಕಟ್ಟಡವನ್ನು ಏಳು ಸಲ ಬರೆದಿದ್ದ. ಅದು ಮಾರ್ಕೆಟ್ಟಿನ ಸಾರ್ವಜನಿಕ ಶೌಚಾಲಯ. ಶೌಚಾಲಯ ಎನ್ನುವುದು ಕಾಗದದ ಮಾತು, ನಮ್ಮ ಬಾಯಲ್ಲಿ ಅದು ಕಕ್ಕಸು. ಏಳು ಸಲವೂ ಸಭೆಯಲ್ಲಿ ಬಿದ್ದುಹೋಯಿತು. ಕಕ್ಕಸು ಬೇಕು ಎಂದು ಎಲ್ಲರೂ ಹೇಳುವರು, ನನ್ನ ಅಂಗಡಿಯ ಎದುರಿಗೆ ಬೇಡ ಎಂದೂ ಎಲ್ಲರೂ ಹೇಳುವರು. ಮಾರ್ಕೆಟ್ಟಿನ ಬಾಗಿಲಲ್ಲೇ ಕನ್ನಡಕದ ಅಂಗಡಿ ಇಟ್ಟವನೊಬ್ಬನಿದ್ದ. ಏಳು ಸಲವೂ ಅವನು ಎದ್ದು ನಿಂತು ಹೇಳಿದ್ದು ಒಂದೇ ಮಾತು: “ನನ್ನ ಗಿರಾಕಿ ಹೊಸ ಕನ್ನಡಕ ಹಾಕ್ಕೊಂಡು ತಲೆ ಎತ್ತಿದ್ರೆ ಮೊದಲು ಕಾಣೋದು ಕಕ್ಕಸೇನ್ರೀ?”

ಇದರಿಂದ ಯಾರಿಗೆ ಕಷ್ಟ ಎಂದರೆ ನನ್ನ ತಮ್ಮನ ಹೆಂಡತಿಗೆ. ಅವಳು ಅದೇ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವಳು. ಅವಳಂತೆ ಇನ್ನೂ ಇಪ್ಪತ್ತಮೂರು ಹೆಂಗಸರು ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂರುತ್ತಾರೆ. ಅವಸರವಾದರೆ ಅಂಗಡಿಯನ್ನು ಪಕ್ಕದವಳಿಗೆ ಒಪ್ಪಿಸಿ, ಬಸ್ಸು ಹತ್ತಿ ಮೂರು ಸ್ಟಾಪು ಬಂದು, ಮನೆಯಲ್ಲಿ ಕೆಲಸ ಮುಗಿಸಿ ಮತ್ತೆ ಬಸ್ಸು ಹತ್ತಬೇಕು. ಬಸ್ಸು ತಡವಾದ ದಿನ ಅದರ ಡ್ರೈವರಿಗೆ ಸಲ್ಲುತ್ತಿದ್ದ ಮಾತುಗಳನ್ನು ನಾನು ಬರೆಯಲಾರೆ.

ಎಂಟನೇ ಸಲ ನಕ್ಷೆ ಬರೆಯಲು ಹುಕುಂ ಬಂದಾಗ ಅವಳು ಗಂಡನನ್ನು ಎದುರಿಗೆ ಕೂರಿಸಿಕೊಂಡಳು.

“ರೀ, ಇದೇ ಕೊನೆ. ಈ ಸಲವೂ ಪಾಸಾಗ್ಲಿಲ್ಲ ಅಂದ್ರೆ ನಾವು ಇಪ್ಪತ್ನಾಲ್ಕು ಜನಾನೂ ನಿಮ್ಮ ಆಫೀಸಿಗೇ ಬರ್ತೀವಿ. ಅಲ್ಲಿ ಅಧ್ಯಕ್ಷರ ಕೋಣೆ ಪಕ್ಕದಲ್ಲಿ ಒಂದಿದೆಯಲ್ಲ, ಅದಕ್ಕೆ. ದಿನಾ.”

“ಅದಕ್ಕೆ ಬೀಗ ಇರುತ್ತೆ ಕಣೇ.”

“ಬೀಗ ಹಾಕಿಟ್ಕೊಳ್ಳೋಕೆ ಅದರೊಳಗೇನು ಒಡವೆ ಇಟ್ಟಿದ್ದಾರಾ? ಭಾವ, ನೀವಾದ್ರೂ ಇವರಿಗೆ ಹೇಳಿ.”

ಭಾವ ಎಂದರೆ ನಾನು. ಗಾರೆ ಕೆಲಸದಲ್ಲಿ ಐವತ್ತು ವರ್ಷ ಕಳೆದವನಿಗೆ ಒಂದು ಗೊತ್ತಿರುತ್ತದೆ: ಸಿಮೆಂಟು ಹಸಿಯಿದ್ದಾಗ ಅದರ ಮೇಲೆ ಕಾಲಿಡಬಾರದು, ಗಂಡಹೆಂಡಿರ ಮಾತು ಬಿಸಿಯಿದ್ದಾಗ ಅದರ ನಡುವೆ ಬಾಯಿಡಬಾರದು.

ಈ ಸಲ ಕಚೇರಿಗೆ ಹೊಸ ಇಂಜಿನಿಯರು ಬಂದಿದ್ದರು. ಅವರು ನನ್ನ ತಮ್ಮನ ಓರೆ ಮೇಜನ್ನು ತೆಗೆಸಿ ಅಲ್ಲಿ ಕಂಪ್ಯೂಟರ್ ಇಡಿಸಿದರು.

“ಇನ್ಮೇಲೆ ಬರೀ ಗೆರೆ ನಡೆಯಲ್ಲ. ಕಟ್ಟಡ ಕಟ್ಟಿ ನಿಂತ ಹಾಗೆ ಕಾಣ್ಬೇಕು. ಬೆಳಕು, ನೆರಳು ಎಲ್ಲಾ ಇರ್ಬೇಕು. ಬರುತ್ತಾ ನಿಮಗೆ?”

“ಬೆಳಕಾ? ಅದನ್ನ ನನಗೆ ಬಿಡಿ ಸಾರ್” ಎಂದ ನನ್ನ ತಮ್ಮ.

ಬೆಳಕಿನ ವಿಷಯದಲ್ಲಿ ಅವನಿಗೆ ತಿಳಿದಿದ್ದದ್ದು ಸ್ವಿಚ್ಚು ಸಾಮಾನ್ಯವಾಗಿ ಬಾಗಿಲ ಪಕ್ಕದಲ್ಲಿರುತ್ತದೆ ಎನ್ನುವಷ್ಟು. ಆದರೆ ಇಂಜಿನಿಯರ ಎದುರಿಗೆ ತಲೆಯಾಡಿಸಿಬಿಟ್ಟ. ಒಮ್ಮೆ ಆಡಿಸಿದ ತಲೆಯನ್ನು ರಬ್ಬರಿನಿಂದ ಅಳಿಸುವುದಕ್ಕೆ ಬರುವುದಿಲ್ಲ.

ಮಧ್ಯಾಹ್ನ ಅವನಿಗೆ ಊಟದ ಡಬ್ಬಿ ತೆಗೆದುಕೊಂಡು ಹೋಗುವುದು ನನ್ನ ಕೆಲಸ. ಹೋದರೆ ಅವನು ಕಪ್ಪು ಪರದೆಯ ಮುಂದೆ ಮೌಸು ಹಿಡಿದುಕೊಂಡು ಕೂತಿದ್ದ.

“ಅಣ್ಣಾ, ಎಲ್ಲಿಂದ ಶುರು ಮಾಡ್ಲಿ?”

“ಕಮೋಡಿನಿಂದ” ಎಂದೆ. “ಕಕ್ಕಸು ಕಟ್ಟೋನು ಮೊದಲು ಕಮೋಡು ಎಲ್ಲಿ ಕೂರುತ್ತೆ ಅಂತ ನೋಡ್ಬೇಕು. ಅದು ಕೂತ ಮೇಲೆ ಗೋಡೆ. ಗೋಡೆ ಮೊದಲು ಕಟ್ಟಿದೋನು ಆಮೇಲೆ ಅದನ್ನೇ ಒಡೆದು ಪೈಪು ಹಾಕ್ತಾನೆ.”

ಆ ಯಂತ್ರದಲ್ಲಿ ಎಲ್ಲ ಅಳತೆಯೂ ಶುರುವಾಗುವ ಒಂದು ಜಾಗವಿದೆ. ಅದಕ್ಕೆ ಸೊನ್ನೆ ಎನ್ನುತ್ತಾರೆ. ನನ್ನ ಮಾತಿನಂತೆ ಅವನು ಮೊದಲನೇ ಕೋಣೆಯ ಕಮೋಡನ್ನು ಸರಿಯಾಗಿ ಸೊನ್ನೆಯ ಮೇಲೆ ಕೂರಿಸಿದ. ಆಮೇಲೆ ಅದರ ಸುತ್ತ ಗೋಡೆ, ಪಕ್ಕದಲ್ಲಿ ಇನ್ನೂ ಐದು ಕೋಣೆ, ಎರಡಡಿ ಎತ್ತರದ ಪಾಯ, ಮೂರು ಮೆಟ್ಟಿಲು, ಅಂಗಳದಲ್ಲಿ ಕಬ್ಬಿಣದ ಕಂಬಿಗಳ ಸಾಲು, ಒಂದು ನಲ್ಲಿ. ಮೊದಲನೇ ಕೋಣೆಯ ಬಾಗಿಲನ್ನು ತೆರೆದಿಟ್ಟ. ಒಳಗೆ ಯಾರೂ ಇಲ್ಲ, ಬರಬಹುದು ಎಂದು ತೋರಬೇಕಲ್ಲ. ಯಂತ್ರದೊಳಗೆ ಮನುಷ್ಯರೂ ಸಿದ್ಧವಾಗಿ ಸಿಗುತ್ತಾರೆ, ಆರಿಸಿ ತಂದು ನಿಲ್ಲಿಸಿದರಾಯಿತು. ಅದರಲ್ಲಿ ಸೊಪ್ಪು ಮಾರುವ ಹೆಂಗಸು ಇರಲಿಲ್ಲ. ಕೋಟು ಹಾಕಿ ಕೈಚೀಲ ಹಿಡಿದ ದಪ್ಪ ಗಂಡಸೊಬ್ಬನಿದ್ದ. ಅವನನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. ಇಷ್ಟೆಲ್ಲ ಆಗಿ, ನಾಲ್ಕನೇ ದಿನ ನಾನು ಡಬ್ಬಿ ತಂದ ಹೊತ್ತಿಗೆ ಚಿತ್ರ ತೆಗೆಯಲು ಕೂತ.

ಗುಂಡಿ ಒತ್ತಿದ. ಚಿತ್ರ ಬಂತು. ಪೂರ್ತಿ ಕಪ್ಪು.

“ಬೆಳಕು ಸಾಲದು” ಎಂದ. ಸೂರ್ಯನ ಕಾವನ್ನು ಒಂದರಿಂದ ಹತ್ತಕ್ಕೆ ಏರಿಸಿದ. ಕಪ್ಪು. ನೂರಕ್ಕೆ ಏರಿಸಿದ. ಕಪ್ಪು. ಸಾವಿರಕ್ಕೆ ಏರಿಸಿದ. ಯಂತ್ರದ ಫ್ಯಾನು ಬುಸುಗುಟ್ಟಿತು, ಚಿತ್ರ ಮಾತ್ರ ಇದ್ದಿಲಿನ ಹಾಗೇ ಇತ್ತು. ಪಕ್ಕದ ಮೇಜಿನ ಗುಮಾಸ್ತ ಇಣುಕಿ, “ರಬ್ಬರ್ ಸಾರ್, ಕಕ್ಕಸಿನ ಒಳಗಿಂದ ಬಾಗಿಲು ಹಾಕ್ಕೊಂಡು ಫೋಟೋ ತೆಗೆದ್ರಾ?” ಎಂದು ಕೇಳಿ ಹೋದ.

“ಗಂಟೆ ಎಷ್ಟು ಅಂತ ಕೊಟ್ಟಿದ್ದೀಯ ಸೂರ್ಯಂಗೆ?” ಎಂದು ನಾನು ಕೇಳಿದೆ.

ಗಂಟೆ ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದ. ಏನೂ ಬರೆಯದಿದ್ದರೆ ಯಂತ್ರ ಅದನ್ನು ಸೊನ್ನೆ ಎಂದುಕೊಳ್ಳುತ್ತದೆ. ಸೊನ್ನೆ ಗಂಟೆ ಎಂದರೆ ನಡುರಾತ್ರಿ. ನನ್ನ ತಮ್ಮ ಅಷ್ಟು ಹೊತ್ತೂ ನಡುರಾತ್ರಿಯ ಸೂರ್ಯನಿಗೆ ಬೆಂಕಿ ಹಚ್ಚುತ್ತ ಕೂತಿದ್ದ. ಕಾವನ್ನು ಮತ್ತೆ ಒಂದಕ್ಕೆ ಇಳಿಸಿ, ಗಂಟೆ ಆರು ಎಂದು ಬರೆದ. ಈಗ ನಸುಕು ಹರಿದ ಹಾಗೆ ಆಕಾಶ ಒಂದಿಷ್ಟು ನೀಲಿಯಾಯಿತು, ಕಟ್ಟಡ ಮಬ್ಬಾಗಿ ಕಂಡಿತು.

“ಹನ್ನೊಂದು ಹಾಕು. ಬಿಸಿಲು ಬರುತ್ತೆ” ಎಂದೆ.

“ಬಿಸಿಲು ಯಾರು ಬೇಕಾದ್ರೂ ಹಾಕ್ತಾರೆ ಅಣ್ಣ. ನಾನು ಒಂದು ದೀಪ ಹಾಕ್ತೀನಿ ನೋಡು.”

ದೀಪ ಹಾಕುವ ಗುಂಡಿ ಒತ್ತಿದ. ಎಲ್ಲಿಡಲಿ ಎಂದು ಯಂತ್ರ ಕೇಳಿತು. ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ಬಸ್ಸು ಬಂದಿಲ್ಲವೆಂದು ಅವಳು ಸ್ಟಾಪಿನಿಂದ ಕೂಗುತ್ತಿದ್ದಳು. ಅವಳಿಗೆ “ಹೂಂ ಹೂಂ” ಎನ್ನುತ್ತಲೇ ಯಂತ್ರಕ್ಕೂ ಹೂಂ ಎನ್ನುವ ಗುಂಡಿ ಒತ್ತಿದ. ಎಷ್ಟು ಬೆಳಕು ಎಂದು ಯಂತ್ರ ಕೇಳಿತು. ಒಂಬತ್ತರ ಮೇಲೆ ಬೆರಳಿಟ್ಟ, ಹೆಂಡತಿಯ ಮಾತು ಮುಗಿಯುವವರೆಗೂ ತೆಗೆಯಲಿಲ್ಲ. ಅವಳ ಮಾತು ಬೇಗ ಮುಗಿಯುವಂಥದ್ದಲ್ಲ.

ಯಂತ್ರ ನಲವತ್ತು ನಿಮಿಷ ಯೋಚಿಸಿತು. ನಾವು ಊಟ ಮುಗಿಸಿ ಡಬ್ಬಿ ತೊಳೆದಿಟ್ಟೆವು. ಆಮೇಲೆ ಪರದೆಯ ಮೇಲೆ ಬಂದದ್ದನ್ನು ನೋಡಿ ಗುಮಾಸ್ತ ಎದ್ದು ನಿಂತ, ಜವಾನ ಬಂದು ನಿಂತ, ಸಹಿಗೆಂದು ಬಂದಿದ್ದ ನಾಲ್ಕು ಜನ ಸಹಿಯನ್ನು ಮರೆತರು.

ಹೊರಗೆಲ್ಲ ತಿಳಿನೀಲಿ ನಸುಕು. ಆ ನಸುಕಿನ ನಡುವೆ ಕಟ್ಟಡ ಒಳಗಿನಿಂದ ಹೊನ್ನಿನ ಹಾಗೆ ಉರಿಯುತ್ತಿತ್ತು. ತೆರೆದ ಬಾಗಿಲಿನಿಂದ ಬೆಳಕು ಧಾರೆಯಾಗಿ ಮೆಟ್ಟಿಲಿಳಿದು ಅಂಗಳವನ್ನೆಲ್ಲ ತುಂಬಿತ್ತು. ಗಾಳಿಕಿಂಡಿಗಳಿಂದ ಕಿರಣಗಳು ಹೊರಟು ಆಕಾಶಕ್ಕೆ ಚಾಚಿದ್ದವು. ಕಂಬಿಗಳ ನೆರಳು, ನಲ್ಲಿಯ ನೆರಳು, ಕೋಟಿನವನ ನೆರಳು ಎಲ್ಲವೂ ಅರಮನೆಯ ಮುಂದಿನ ನೆರಳುಗಳ ಹಾಗೆ ಉದ್ದುದ್ದ ಬಿದ್ದಿದ್ದವು.

“ಸಾರ್, ಇದು ಕಕ್ಕಸಾ?” ಎಂದು ಜವಾನ ಪಿಸುಗುಟ್ಟಿದ.

“ಬೆಳಕಿನ ಕೆಲಸ” ಎಂದ ನನ್ನ ತಮ್ಮ, ಕುರ್ಚಿಗೆ ಒರಗಿಕೊಂಡು. ಆ ದೀಪ ಎಲ್ಲಿ ಹೋಗಿ ಕೂತಿದೆಯೆಂದು ಅವನಿಗೆ ಕಿಂಚಿತ್ತೂ ಗೊತ್ತಿರಲಿಲ್ಲ.

ಸೋಮವಾರ ಸಭೆ. ಚಿತ್ರವನ್ನು ಆಳೆತ್ತರ ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ನಾನು, ತಮ್ಮನ ಹೆಂಡತಿ, ಮಾರ್ಕೆಟ್ಟಿನ ಐದಾರು ಹೆಂಗಸರು ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಅಧ್ಯಕ್ಷರು ಬಂದರು. ದಪ್ಪ ಆಳು, ಮೇಲೊಂದು ಕೋಟು. ಚಿತ್ರದ ಮುಂದೆ ನಿಂತವರು ಐದು ನಿಮಿಷ ಅಲುಗಲಿಲ್ಲ.

“ಇಲ್ಲಿ ಕೋಟು ಹಾಕ್ಕೊಂಡು ನಿಂತಿರೋದು ಯಾರು? ನಾನಾ?”

ಇಲ್ಲ ಸಾರ್, ಅದು ಯಂತ್ರದಲ್ಲಿ ಪುಕ್ಕಟೆ ಸಿಗುವವನು ಎಂದು ನನ್ನ ತಮ್ಮ ಹೇಳಬೇಕಿತ್ತು. ಅವನು “ಹೂಂ ಸಾರ್” ಎಂದ.

ಅಧ್ಯಕ್ಷರ ಮುಖವೂ ಚಿತ್ರದ ಹಾಗೇ ಬೆಳಗಿತು. “ಏನು ತೇಜಸ್ಸು! ಇಂಜಿನಿಯರೇ, ಇಂಥ ಕಟ್ಟಡವನ್ನ ಶೌಚಾಲಯ ಮಾಡ್ತಾರೇನ್ರೀ? ಇದು ಅಧ್ಯಕ್ಷರ ಕಚೇರಿ ಆಗ್ಬೇಕು.”

ಹಿಂದಿನ ಬೆಂಚು ಕಿರುಗುಟ್ಟಿತು. ತಮ್ಮನ ಹೆಂಡತಿ ಎದ್ದಿದ್ದಳು. “ಸ್ವಾಮಿ, ನಾವು ಹದಿನೈದು ವರ್ಷದಿಂದ ಕಕ್ಕಸು ಕೇಳ್ತಿದ್ದೀವಿ!”

“ಕೂತ್ಕೊಳ್ಳಿ ತಾಯಿ, ಅದಕ್ಕೆ ಒಂಬತ್ತನೇ ನಕ್ಷೆ ಬರೆಸೋಣ” ಎಂದರು ಅಧ್ಯಕ್ಷರು, ಚಿತ್ರದಿಂದ ಕಣ್ಣು ಕೀಳದೆ.

“ಸಾರ್, ಇದರಲ್ಲಿ ಕೋಣೆಗಳು ಮೂರಡಿ ನಾಲ್ಕಡಿ ಇವೆ” ಎಂದು ಇಂಜಿನಿಯರು ಮೆಲ್ಲಗೆ ಹೇಳಿದರು.

“ನಡುವಿನ ಗೋಡೆ ತೆಗೆಸಿ. ನಲ್ಲಿ ಇರ್ಲಿ, ಕೈ ತೊಳೆಯೋಕೆ ಬೇಕು.” ಅಧ್ಯಕ್ಷರು ಗುಮಾಸ್ತನ ಜೇಬಿನಿಂದ ಕೆಂಪು ಪೆನ್ನು ಎಳೆದುಕೊಂಡು, ತೆರೆದ ಬಾಗಿಲಿನೊಳಗೆ ಬೆಳಕು ಕಣ್ಣು ಕುಕ್ಕುವ ಜಾಗದಲ್ಲಿ ದಪ್ಪನೆಯ ಗುರುತು ಹಾಕಿದರು. “ನನ್ನ ಕುರ್ಚಿ ಇಲ್ಲಿ. ಬೆಳಕು ಎಲ್ಲಿ ಹುಟ್ಟುತ್ತೋ ಅಲ್ಲೇ ನಾನು ಕೂರ್ಬೇಕು. ಗುರುವಾರದ ಸಭೆಯಲ್ಲಿ ಪಾಸು ಮಾಡೋಣ. ಈ ಚಿತ್ರಾನ ಅಲ್ಲೀವರೆಗೂ ಮಾರ್ಕೆಟ್ಟಿನ ಬಾಗಿಲಿಗೆ ಕಟ್ಟಿ, ಜನ ನೋಡ್ಲಿ.”

ಜನ ನೋಡಿದರು. ಏಳು ಸಲ ಎದ್ದು ನಿಂತು ವಿರೋಧಿಸಿದ್ದ ಕನ್ನಡಕದವನು ಅಂಗಡಿಯಿಂದ ಇಳಿದು ಬಂದು, ತನ್ನ ಕನ್ನಡಕ ಒರೆಸಿಕೊಂಡು ನೋಡಿ, “ಇದು ನನ್ನ ಅಂಗಡಿಗೆ ನೇರವಾಗಿ ಎದುರಿಗೇ ಬರ್ಬೇಕು. ಒಂದಡಿ ಆಚೆ ಹೋದ್ರೂ ಬಿಡಲ್ಲ” ಎಂದು ಪುರಸಭೆಗೆ ಅರ್ಜಿಯನ್ನೇ ಬರೆದುಕೊಟ್ಟ. ಮರುದಿನದಿಂದ ಗಿರಾಕಿಗಳನ್ನು ಅದರ ಕಡೆಗೆ ತಿರುಗಿಸಿ, ಕಿರಣ ಎಷ್ಟಿದೆ ಎಣಿಸಿ ಎಂದು ಕಣ್ಣು ಪರೀಕ್ಷೆ ಮಾಡತೊಡಗಿದ. ಬಸ್ಸಿನವನು ಅಲ್ಲಿ ನಿಧಾನ ಮಾಡಿ ಕಿಟಕಿಯಿಂದ ತೋರಿಸತೊಡಗಿದ. ಅದರಿಂದ ಬಸ್ಸು ಇನ್ನೂ ತಡವಾಗುತ್ತಿತ್ತು.

ಮನೆಯಲ್ಲಿ ತಮ್ಮನ ಹೆಂಡತಿ ಅವನ ಮುಂದೆ ತಟ್ಟೆ ಇಟ್ಟಳು. ಅನ್ನ ಬಡಿಸಲಿಲ್ಲ.

“ಕಕ್ಕಸನ್ನ ಕಕ್ಕಸಿನ ಹಾಗೆ ಬರೆಯೋಕೆ ಏನಾಗಿತ್ತು ನಿಮಗೆ? ಏಳು ಸಲ ಕೆಟ್ಟದಾಗಿದೆ ಅಂತ ಹೋಯ್ತು. ಎಂಟನೇ ಸಲ ಚೆನ್ನಾಗಿದೆ ಅಂತ ಹೋಯ್ತು!”

“ನಾನೇನು ಮಾಡ್ಲೇ, ಬೆಳಕು ಜಾಸ್ತಿ ಆಯ್ತು.”

“ಆರ್ಸಿ ಅದನ್ನ. ಗುರುವಾರದೊಳಗೆ ಆರ್ಬೇಕು. ಆ ಅಧ್ಯಕ್ಷಂಗೆ ಹೇಸಿಗೆ ಆಗೋ ಹಾಗೆ ಕಾಣ್ಬೇಕು. ಅಲ್ಲೀವರೆಗೂ ಈ ಮನೇಲಿ ನಿಮಗೆ ಬರೀ ತಟ್ಟೆ.”

ನಾನು ನನ್ನ ಅನ್ನವನ್ನು ಬೇಗ ಬೇಗ ತಿಂದು ಎದ್ದೆ.

ಮಂಗಳವಾರ ಬೆಳಗ್ಗೆಯಿಂದ ಅವನು ದೀಪ ಹುಡುಕಲು ಕೂತ. ಆರಿಸಬೇಕಾದರೆ ಅದರ ಗುರುತಿನ ಮೇಲೆ ಮೌಸು ಇಟ್ಟು ಒತ್ತಬೇಕು. ಗುರುತು ಎಲ್ಲಿಯೂ ಇರಲಿಲ್ಲ. ಚಾವಣಿಯ ಮೇಲೆ ನೋಡಿದ, ಗಾಳಿಕಿಂಡಿಯಲ್ಲಿ ನೋಡಿದ, ನಲ್ಲಿಯ ಬಾಯಲ್ಲಿ ನೋಡಿದ, ಕೋಟಿನವನ ಕೈಚೀಲದ ಒಳಗೂ ನೋಡಿದ. ಹುಡುಕುವುದಕ್ಕೆ ಬೆಳಕು ಬೇಕೆಂದು ಇನ್ನೆರಡು ದೀಪ ಹಾಕಿದ. ಅವೂ ಕಣ್ಮರೆಯಾದವು. ಚಿತ್ರ ಮೊದಲಿಗಿಂತ ಮೂರು ಪಟ್ಟು ಬೆಳಗಿತು. ಆ ಹೊತ್ತಿಗೇ ಅಧ್ಯಕ್ಷರು ಇಣುಕಿ, “ಭೇಷ್! ನಿಲ್ಲಿಸ್ಬೇಡಿ” ಎಂದು ಬೆನ್ನು ತಟ್ಟಿ ಹೋದರು.

ಬುಧವಾರ ಸಂಜೆ ಅವನು ತಲೆಯ ಮೇಲೆ ಕೈ ಹೊತ್ತು ಕೂತಿದ್ದ. “ಅಣ್ಣಾ, ಮೂರು ದೀಪ ಇವೆ, ಒಂದೂ ಕಾಣಲ್ಲ. ಇದ್ಯಾವ ಮಾಟವೋ.”

ನಾನು ಆ ಮಾರ್ಕೆಟ್ಟಿನ ಚಿತ್ರವನ್ನು ಮೂರು ದಿನದಿಂದ ನೋಡುತ್ತಿದ್ದೆ. ದೀಪ ಕಾಣದಿದ್ದರೂ ನೆರಳು ಕಾಣುತ್ತದಲ್ಲ. “ನಾಳೆ ಸಭೆಯಲ್ಲಿ ಹೇಳ್ತೀನಿ” ಎಂದೆ.

“ಈಗಲೇ ಹೇಳು.”

“ಈಗ ಹೇಳಿದ್ರೆ ನೀನು ಆರಿಸ್ತೀಯ. ಆರಿಸಿದ್ರೆ ಅಧ್ಯಕ್ಷರು ಬೈದು ಮತ್ತೆ ಹಚ್ಚಿಸ್ತಾರೆ. ಸುಮ್ನಿರು.”

ಗುರುವಾರ ಇಪ್ಪತ್ನಾಲ್ಕು ಹೆಂಗಸರೂ ಅಂಗಡಿ ಮುಚ್ಚಿ ಬಂದಿದ್ದರು. ಬೆಂಚು ಸಾಲದೆ ಗೋಡೆಯ ಉದ್ದಕ್ಕೂ ನಿಂತರು. ಮಾರ್ಕೆಟ್ಟಿನಿಂದ ಬಿಚ್ಚಿ ತಂದ ಚಿತ್ರ ಮತ್ತೆ ಗೋಡೆಯ ಮೇಲಿತ್ತು, ಕೆಂಪು ಗುರುತಿನೊಂದಿಗೆ. ಅದರ ಕೆಳಗೆ ‘ಶೌಚಾಲಯ’ ಎಂದಿದ್ದ ಜಾಗಕ್ಕೆ ಬಿಳಿ ಕಾಗದ ಅಂಟಿಸಿ ‘ಅಧ್ಯಕ್ಷರ ಕಚೇರಿ’ ಎಂದು ಬರೆದಿದ್ದರು. ಕನ್ನಡಕದವನು ಮುಂದಿನ ಸಾಲಿನಲ್ಲಿದ್ದ.

“ಯಾರದಾದ್ರೂ ಮಾತು ಇದೆಯಾ?” ಎಂದು ಅಧ್ಯಕ್ಷರು ಪೆನ್ನು ತೆರೆದರು.

ನಾನು ಕೈ ಎತ್ತಿದೆ. “ಸ್ವಾಮಿ, ನಾನು ಗಾರೆಯವನು. ಕಟ್ಟೋ ಮೊದಲು ಬೆಳಕು ಎಲ್ಲಿಂದ ಬರುತ್ತೆ ಅಂತ ತಿಳ್ಕೊಬೇಕು. ಇಲ್ಲಾಂದ್ರೆ ತಮ್ಮ ಕುರ್ಚಿ ತಪ್ಪಿ ಕತ್ತಲೇಲಿ ಕೂರುತ್ತೆ.”

“ಅದು ಸರಿಯಾದ ಮಾತು. ನೋಡ್ರೀ, ಹಿರಿಯರು” ಎಂದರು ಅಧ್ಯಕ್ಷರು.

ಜೇಬಿನಿಂದ ನನ್ನ ಲೈನ್ ದಾರ ತೆಗೆದೆ. ಗೋಡೆ ನೆಟ್ಟಗೆ ಏಳಲು ನಾವು ಕಟ್ಟುವ ದಾರ ಅದು. ಅದನ್ನು ಮೂರು ತುಂಡು ಮಾಡಿ, ಇಂಜಿನಿಯರನ್ನು ಕರೆದೆ, ಜವಾನನನ್ನು ಕರೆದೆ, ಕನ್ನಡಕದವನನ್ನೂ ಕರೆದೆ.

“ನೆಟ್ಟಗೆ ನಿಂತ ಎಲ್ಲದರ ನೆರಳೂ ದೀಪದಿಂದ ಓಡಿಹೋಗ್ತಾ ಇರುತ್ತೆ. ನೆರಳಿನ ಗೆರೆಯನ್ನ ಹಿಂದಕ್ಕೆ ಎಳೆದ್ರೆ ಅದು ದೀಪದ ಬುಡಕ್ಕೇ ಹೋಗುತ್ತೆ. ಇಂಜಿನಿಯರೇ, ತಾವು ಕಂಬಿಯ ನೆರಳಿನ ಮೇಲೆ ಹಿಡೀರಿ. ಜವಾನಪ್ಪ, ನೀನು ನಲ್ಲಿದು. ಕನ್ನಡಕದೋರೇ, ತಾವು ಅಧ್ಯಕ್ಷರ ನೆರಳು ಹಿಡ್ಕೊಳ್ಳಿ.”

ಕನ್ನಡಕದವನು ಬಹಳ ಮರ್ಯಾದೆಯಿಂದ ಕೋಟಿನವನ ನೆರಳಿನ ತುದಿಗೆ ಬೆರಳಿಟ್ಟ. ಮೂರು ದಾರಗಳನ್ನೂ ನಾನು ನೆರಳುಗಳ ಗುಂಟ ಹಿಂದಕ್ಕೆ ಎಳೆದೆ. ಅಂಗಳ ದಾಟಿ, ಮೆಟ್ಟಿಲು ಹತ್ತಿ, ತೆರೆದ ಬಾಗಿಲೊಳಗೆ ಹೋಗಿ ಮೂರೂ ಒಂದೇ ಕಡೆ ಸೇರಿದವು. ಸರಿಯಾಗಿ ಕೆಂಪು ಗುರುತಿನ ಮೇಲೆ.

“ಆಹಾ!” ಎಂದರು ಅಧ್ಯಕ್ಷರು. “ಕಣ್ಣಳತೆ ಅಂದ್ರೆ ಇದು. ದಾರ ಹಿಡೀದೇ ಹೇಳಿದ್ದೆ ನಾನು.”

“ತಮ್ಮಾ, ನಿನ್ನ ಅಳತೆ ಕಾಗದ ತೆಗಿ” ಎಂದೆ. “ಮೊದಲನೇ ಕೋಣೇಲಿ ಇದೇ ಜಾಗದಲ್ಲಿ ಏನು ಬರೆದಿದ್ದೀಯ, ಓದು.”

ನನ್ನ ತಮ್ಮ ಕಾಗದ ಬಿಡಿಸಿದ. ಬೆರಳಿಟ್ಟು ನೋಡಿದ. ಮುಖ ಬಿಳಿಚಿತು.

“ಜೋರಾಗಿ ಓದ್ರೀ” ಎಂದರು ಅಧ್ಯಕ್ಷರು.

“ಕಮೋಡು ನಂಬರ್ ಒಂದು, ಸಾರ್.”

ಯಾರೂ ಏನೂ ಕೇಳದಿದ್ದರೂ ನನ್ನ ತಮ್ಮ ವಿವರಿಸಲು ಶುರುಮಾಡಿದ. ಕಂಗಾಲಾದರೆ ಅವನಿಗೆ ಸತ್ಯ ಹೇಳುವ ಕಾಯಿಲೆ ಇದೆ. “ದೀಪ ಎಲ್ಲಿಡ್ಲಿ ಅಂತ ಅದು ಕೇಳ್ತು ಸಾರ್. ನಾನು ಏನೂ ಬರೀಲಿಲ್ಲ. ಬರೀದಿದ್ರೆ ಅದು ಸೊನ್ನೆಗೆ ಹೋಗಿ ಕೂರುತ್ತೆ. ಸೊನ್ನೇಲಿ ನಾನು ಕಮೋಡು ಇಟ್ಟಿದ್ದೆ. ಅದಕ್ಕೇ ಗುರುತು ಸಿಗ್ಲಿಲ್ಲ, ಒಳಗೆ ಮುಳುಗಿದೆ. ತೇಜಸ್ಸೆಲ್ಲ ಅಲ್ಲಿಂದಲೇ ಬರ್ತಿರೋದು ಸಾರ್. ಒಂದಲ್ಲ, ಮೂರು ದೀಪ.”

ಮೊದಲು ನಕ್ಕವಳು ಮೂಲಂಗಿ ಮಾರುವ ಮುದುಕಿ. ಆಮೇಲೆ ಗೋಡೆಯ ಉದ್ದಕ್ಕೂ ನಗು ಹಬ್ಬಿತು. ಗುಮಾಸ್ತ ಕಡತದ ಹಿಂದೆ ಮುಖ ಮುಚ್ಚಿಕೊಂಡ. ಕಡತ ಕುಣಿಯಿತು.

“ದೀಪ ಬೇರೆ ಕಡೆ ಇಟ್ರಾಯ್ತಪ್ಪ” ಎಂದ ಕನ್ನಡಕದವನು, ಇನ್ನೂ ಅಧ್ಯಕ್ಷರ ನೆರಳನ್ನು ಹಿಡಿದುಕೊಂಡೇ.

“ಇಡಿ ಇಡಿ” ಎಂದಳು ತಮ್ಮನ ಹೆಂಡತಿ. “ದೀಪ ಎಲ್ಲಾದ್ರೂ ಇಡಿ. ಆದ್ರೆ ನಾಳೆಯಿಂದ ಆ ಕಚೇರಿಗೆ ಬಂದೋರೆಲ್ಲ ಅಧ್ಯಕ್ಷರು ಯಾತರ ಮೇಲೆ ಕೂತಿದ್ದಾರೆ ಅಂತ ಬಗ್ಗಿ ನೋಡ್ತಾರೆ. ನಾನಂತೂ ನೋಡ್ತೀನಿ.”

ಅಧ್ಯಕ್ಷರು ತಾವು ಕೂತಿದ್ದ ಕುರ್ಚಿಯಿಂದ ಅರ್ಧ ಎದ್ದು, ಕೆಳಗೆ ನೋಡಿ, ಮತ್ತೆ ಕೂತರು. ನಗು ಇನ್ನೊಂದು ಸುತ್ತು ಬಂತು. ಅವರು ಗಂಟಲು ಸರಿಮಾಡಿಕೊಂಡರು. ದೊಡ್ಡ ಹುದ್ದೆಯವರು ತಿರುಗುವ ಚಂದ ನೋಡಬೇಕು. ಲಾರಿ ಅಷ್ಟು ಸಲೀಸಾಗಿ ತಿರುಗುವುದಿಲ್ಲ.

“ನಮ್ಮ ಅಕ್ಕತಂಗಿಯರು ಹದಿನೈದು ವರ್ಷದಿಂದ ಪಡ್ತಿರೋ ಕಷ್ಟ ನಾನು ಬಲ್ಲೆ. ಯಾರ್ರೀ ಇದರ ಮೇಲೆ ಕಚೇರಿ ಅಂತ ಕಾಗದ ಅಂಟಿಸಿದ್ದು? ಕೀಳ್ರಿ ಅದನ್ನ! ಇದು ಶೌಚಾಲಯವೇ ಆಗ್ಬೇಕು ಅಂತ ನಾನು ಮೊದಲಿಂದಲೂ ಹೇಳ್ತಾ ಬಂದಿದ್ದೀನಿ.”

ಸಹಿ ಬಿತ್ತು. ಕನ್ನಡಕದವನು ಎಂಟನೇ ಸಲ ಎದ್ದು ನಿಲ್ಲಲು ಹೊರಟ. ಆದರೆ ತನ್ನ ಅಂಗಡಿಯ ಎದುರಿಗೇ ಬರಬೇಕು ಎಂದು ಅವನೇ ಬರೆದುಕೊಟ್ಟ ಅರ್ಜಿಯನ್ನು ಇಂಜಿನಿಯರು ಎತ್ತಿ ತೋರಿಸಿದರು. ಕೂತ.

ಐದು ತಿಂಗಳಲ್ಲಿ ಕಟ್ಟಡ ಎದ್ದಿತು. ಬೂದು ಗೋಡೆ, ಆರು ಬಾಗಿಲು, ಯಾವ ತೇಜಸ್ಸೂ ಇಲ್ಲ. ಅಷ್ಟು ಸೊಗಸಾದ ಕಕ್ಕಸನ್ನು ನಾನು ನೋಡಿಲ್ಲ. ಉದ್ಘಾಟನೆಯ ದಿನ ಬೆಳಗ್ಗೆ ಹತ್ತಕ್ಕೆ ಎಂದಿದ್ದರು. ಅಧ್ಯಕ್ಷರು ಬಂದದ್ದು ಹನ್ನೊಂದೂವರೆಗೆ. ಮೆಟ್ಟಿಲಿಗೆ ಅಡ್ಡವಾಗಿ ಕೆಂಪು ಟೇಪು ಕಟ್ಟಿ, ಪಕ್ಕದಲ್ಲಿ ಮೈಕು ಇಟ್ಟಿದ್ದರು. ಮೊದಲು ಭಾಷಣ, ಆಮೇಲೆ ಟೇಪು, ಆಮೇಲೆ ಉಪಯೋಗ ಎಂದು ಗುಮಾಸ್ತ ಮೂರು ಸಲ ಸಾರಿದ. ಹೆಂಗಸರು ಸಾಲಾಗಿ ನಿಂತಿದ್ದರು.

ಅಧ್ಯಕ್ಷರು ತಮ್ಮ ಬಾಲ್ಯದಿಂದ ಶುರುಮಾಡಿದರು. ಹನ್ನೆರಡು ಗಂಟೆಗೆ ಹೈಸ್ಕೂಲಿಗೆ ಬಂದರು. ತಮ್ಮನ ಹೆಂಡತಿ ಒಮ್ಮೆ ಗಡಿಯಾರ ನೋಡಿದಳು, ಒಮ್ಮೆ ಬಾಗಿಲು ನೋಡಿದಳು.

“ಭಾವ, ಇವರು ಕಾಲೇಜಿಗೂ ಹೋಗಿದ್ದಾರಾ?”

“ಎರಡು ಹೋಗಿದ್ದಾರಂತಮ್ಮ.”

ಅವಳು ಬಗ್ಗಿ ಟೇಪಿನ ಕೆಳಗಿಂದ ನುಸುಳಿ, ಮೆಟ್ಟಿಲು ಹತ್ತಿ, ಮೊದಲನೇ ಬಾಗಿಲು ಹಾಕಿಕೊಂಡಳು. ಗುಮಾಸ್ತ “ಏಯ್ ತಾಯೀ” ಎನ್ನುವಷ್ಟರಲ್ಲಿ ಚಿಲಕ ಬಿತ್ತು.

“ನನ್ನ ಬಾಳಿನ ಗುರಿ ಏನೆಂದರೆ...” ಎಂದು ಅಧ್ಯಕ್ಷರು ಕೈ ಮೇಲೆತ್ತಿದ ಹೊತ್ತಿಗೆ ಒಳಗಿನಿಂದ ನೀರು ಧುಮ್ಮಿಕ್ಕಿದ ಸದ್ದು ಮೈಕಿನಲ್ಲಿ ಮಾರ್ಕೆಟ್ಟಿಗೆಲ್ಲ ಕೇಳಿಸಿತು. ಇಪ್ಪತ್ತಮೂರು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ನಕ್ಕು, ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸಿದರು.

ಬಾಗಿಲು ತೆರೆಯಿತು. ತಮ್ಮನ ಹೆಂಡತಿ ಮೆಟ್ಟಿಲಿಳಿದು ಬಂದು, ಮೂಲಂಗಿ ಮುದುಕಿಗಾಗಿ ಟೇಪನ್ನು ಎತ್ತಿ ಹಿಡಿದಳು.

“ಹೋಗು ಅಕ್ಕ. ಚಿಲಕ ಸ್ವಲ್ಪ ಬಿಗಿ ಇದೆ, ಎತ್ತಿ ತಳ್ಳು.”